ಆಫೀಸಿನಲ್ಲಿ ಓಡುವ ಪುಟ ಮನೆಯಲ್ಲಿ ಯಾಕೆ ನಿಲ್ಲುತ್ತದೆ?



ಮೈಕಿನ ಮುಂದೆ ಕುಳಿತಾಗ ನಮಗೆ ಗಡಿಯಾರವೇ ಯಜಮಾನ. ಹಾಡಿಗೆ ಮೊದಲು ನಲವತ್ತು ಸೆಕೆಂಡು, ಜಾಹೀರಾತಿಗೆ ಮೊದಲು ಇಪ್ಪತ್ತು ಸೆಕೆಂಡು, ಅಷ್ಟರಲ್ಲಿ ಹೇಳಿ ಮುಗಿಸಬೇಕು. ಅದರೊಳಗೆ ಹಿಡಿಸದ ಪ್ರಶ್ನೆಗಳನ್ನು ಈ ಪುಟಗಳಿಗೆಂದು ಎತ್ತಿಟ್ಟುಕೊಳ್ಳುತ್ತೇನೆ. ಈ ಸಲದ ಪ್ರಶ್ನೆ ಬಂದಿರುವುದು ಡೊಂಬಿವಲಿ ಪೂರ್ವದ ಹಿರಿಯ ಶ್ರೋತೃ ಒಬ್ಬರಿಂದ. ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಊರಿನ ಕಡೆಯ ಒಂದು ಸಂಸ್ಥೆಗೆ ಕನ್ನಡದಲ್ಲಿ ಅರ್ಜಿ ತುಂಬಬೇಕಿತ್ತಂತೆ. ಮಗನ ಆಫೀಸಿನ ಕಂಪ್ಯೂಟರಿನಲ್ಲಿ ಪುಟ ಚೆನ್ನಾಗಿ ತೆರೆದುಕೊಂಡಿತು. ಮನೆಯ ಹಳೇ ಕಂಪ್ಯೂಟರಿನಲ್ಲಿ ಅದೇ ಪುಟದ 'ಸಲ್ಲಿಸಿ' ಗುಂಡಿ ಎಷ್ಟು ಒತ್ತಿದರೂ ಮಿಸುಕಲಿಲ್ಲ. ಫೋನಿನಲ್ಲಿ ನೋಡಿದರೆ ಗುಂಡಿ ಕೆಲಸ ಮಾಡುತ್ತದೆ, ಆದರೆ ಕನ್ನಡ ಟೈಪಾಗುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಈ ಗಡಿಬಿಡಿಯಲ್ಲಿ ಕೊನೆಯ ದಿನ ದಾಟಿಹೋಯಿತು. ತಪ್ಪು ತಮ್ಮ ಬೆರಳಿನದೋ ಯಂತ್ರದ್ದೋ ಎಂದು ಕೇಳಿದ್ದಾರೆ.

ಬೆರಳಿನದಂತೂ ಅಲ್ಲ ಸ್ವಾಮಿ. ನಾನು ಕನ್ನಡ ಬಿ.ಎ. ಓದಿದ ಜನ, ಪ್ರೋಗ್ರಾಂ ಬರೆಯುವವರ ಸಾಲಿನವನಲ್ಲ. ಆದರೆ ಥಾಣೆ–ವಾಶಿ ಲೋಕಲ್ಲಿನಲ್ಲಿ ಐರೋಲಿಗೆ, ಮಹಾಪೆಗೆ ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ಇದೇ ದಿನಗೂಲಿ ಕೆಲಸ: ಒಂದು ಪುಟ ಎಲ್ಲ ಕಡೆಯೂ ಒಂದೇ ರೀತಿ ನಡೆಯುವಂತೆ ಮಾಡುವುದು. ಅವರನ್ನು ಕೇಳಿ, ಓದಿ, ಮತ್ತೆ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನೀವು ವಿಳಾಸ ಒತ್ತಿದಾಗ ದೂರದ ಕಂಪ್ಯೂಟರು ನಿಮಗೆ ಸಿದ್ಧವಾದ ಚಿತ್ರವನ್ನು ಕಳಿಸುವುದಿಲ್ಲ. ಬರಹವನ್ನು ಕಳಿಸುತ್ತದೆ. ಪುಟದಲ್ಲಿ ಏನೇನಿದೆ ಎಂಬ ಬರಹ, ಅದು ಹೇಗೆ ಕಾಣಬೇಕು ಎಂಬ ಬರಹ, ಜೊತೆಗೆ ಸೂಚನೆಗಳ ಒಂದು ಚೀಟಿ. 'ಈ ಗುಂಡಿ ಒತ್ತಿದರೆ ಹೀಗೆ ಮಾಡು, ಈ ಜಾಗ ಖಾಲಿ ಬಿಟ್ಟರೆ ಎಚ್ಚರಿಸು' ಎನ್ನುವ ಈ ಚೀಟಿಯ ಭಾಷೆಯೇ ಜಾವಾಸ್ಕ್ರಿಪ್ಟ್. ಅದನ್ನು ಓದಿ ನಡೆಸಿಕೊಡುವುದು ನಿಮ್ಮ ಮನೆಯಲ್ಲೇ ಇರುವ ಬ್ರೌಸರ್: ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಯಾವುದಿದೆಯೋ ಅದು. ಕಳಿಸಿದವರು ಒಬ್ಬರು, ಓದುವವರು ನೂರು.

ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಧಾರವಾಡದವರ ಮನೆಯೂ ಮಂಗಳೂರಿನವರ ಮನೆಯೂ ಇರುತ್ತದಲ್ಲ? ಎರಡೂ ಮನೆಗೆ 'ಸಂಜೆಯೊಳಗೆ ಪಲ್ಯ ತಂದಿಡಿ' ಎಂದು ಒಂದೇ ಚೀಟಿ ಬರೆದಿಟ್ಟು ಹೋಗಿ ನೋಡಿ. ಧಾರವಾಡದ ಮನೆಯವರು ಮಾರ್ಕೆಟ್ಟಿಗೆ ಹೋಗಿ ಮೆಂತ್ಯ, ರಾಜಗಿರಿ ಸೊಪ್ಪು ತಂದಿಡುತ್ತಾರೆ. ಮಂಗಳೂರಿನ ಮನೆಯವರು ಬೇಯಿಸಿ ಒಗ್ಗರಣೆ ಹಾಕಿದ್ದನ್ನು ತಂದಿಡುತ್ತಾರೆ. ಇಬ್ಬರೂ ತಪ್ಪು ಮಾಡಿಲ್ಲ. ಚೀಟಿ ಬರೆದವರು ತಮ್ಮ ಮನೆಯ ಅರ್ಥವೇ ಎಲ್ಲರ ಅರ್ಥ ಎಂದುಕೊಂಡರು, ಅಷ್ಟೇ.

ಜಾವಾಸ್ಕ್ರಿಪ್ಟಿನ ಪಲ್ಯದ ಜಗಳ ಹುಟ್ಟಿನಿಂದಲೇ ಬಂದದ್ದು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಈ ಭಾಷೆಯ ಮೊದಲ ರೂಪ ತಯಾರಿಸಿದರು. ಆಗ ಜಾವಾ ಎಂಬ ಭಾಷೆಯ ಹೆಸರು ಜೋರಾಗಿ ಓಡುತ್ತಿತ್ತು, ಇದಕ್ಕೂ ಆ ಹೆಸರು ಅಂಟಿಸಿದರು. (ಎರಡಕ್ಕೂ ಸಂಬಂಧ ಬಲು ಕಡಿಮೆ.) ಮರುವರ್ಷವೇ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಅದರ ನಕಲನ್ನು ಜೆಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ತಂದಿತು. ಪ್ರತಿಸ್ಪರ್ಧಿಯ ಬ್ರೌಸರಿನ ನಡವಳಿಕೆ ನೋಡಿ ನೋಡಿ ಮಾಡಿದ ನಕಲು ಅದು. 1997ರ ಜೂನ್‌ನಲ್ಲಿ ಎಕ್ಮಾ ಎಂಬ ಮಾನಕ ಸಂಸ್ಥೆ ಭಾಷೆಗೆ ಒಂದು ವ್ಯಾಕರಣ ಗೊತ್ತುಮಾಡಿತು. ವ್ಯಾಕರಣವೇನೋ ಒಂದಾಯಿತು, ಪದಕೋಶ ಬೇರೆಬೇರೆಯಾಗೇ ಉಳಿಯಿತು. ಪುಟದ ಒಂದು ಭಾಗವನ್ನು ಹುಡುಕಲು, ಒತ್ತಿದ ಕೀಲಿ ಯಾವುದೆಂದು ತಿಳಿಯಲು, ಕರ್ಸರ್ ಎಲ್ಲಿದೆ ಎಂದು ಕೇಳಲು ಒಬ್ಬೊಬ್ಬರ ಬ್ರೌಸರಿನಲ್ಲಿ ಒಂದೊಂದು ಮಾತು.

ಇಂಗ್ಲಿಷಿನವರಿಗೆ ಇದು ಕಿರಿಕಿರಿ. ಮೆನು ಸ್ವಲ್ಪ ಪಕ್ಕಕ್ಕೆ ಸರಿಯಿತು, ಗಡಿಯಾರ ತಿರುಗಲಿಲ್ಲ, ಅಷ್ಟೇ. ನಮಗೆ ಆದದ್ದು ಬೇರೆ. ಕನ್ನಡ ಓದುವುದು, ಕನ್ನಡ ಬರೆಯುವುದು, ಎರಡೂ ಆ ಕಾಲದಲ್ಲಿ ನಿಂತಿದ್ದುದು ಬ್ರೌಸರುಗಳು ಒಪ್ಪದೇ ಇದ್ದ ಆ ಮೂಲೆಗಳ ಮೇಲೆಯೇ.

ಓದುವುದನ್ನು ಮೊದಲು ನೋಡಿ. ನವಿ ಮುಂಬಯಿಯಿಂದ ಖಾಡಿಯ ಆಚೆ ದಡದಲ್ಲಿ ಕಾಣುವ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ವರ್ಷಗಟ್ಟಲೆ ದುಡಿದ ಡಾ. ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಎಂಬ ಅಂತರ್ಜಾಲ ಪತ್ರಿಕೆಯನ್ನು ಶುರುಮಾಡಿದರು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಅದು. ನಮ್ಮ ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಮಾತು. ಆಗ ಕನ್ನಡ ಯುನಿಕೋಡ್ ಯಾರ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಬೇಕಿತ್ತು, ಆ ಫಾಂಟ್ ಓದುಗರ ಹತ್ತಿರ ಇಲ್ಲದಿದ್ದರೆ ಪುಟದ ತುಂಬ ಅರ್ಥವಾಗದ ಚಿಹ್ನೆಗಳು. ಅದಕ್ಕೊಂದು ಉಪಾಯ ಪುಟದ ಜೊತೆಗೇ ಫಾಂಟು ಇಳಿಸುವುದು, 'ಡೈನಮಿಕ್ ಫಾಂಟ್' ಎನ್ನುತ್ತಿದ್ದರು. ಆದರೆ ಎಕ್ಸ್‌ಪ್ಲೋರರ್ 4 ಒಪ್ಪುತ್ತಿದ್ದ ಫಾಂಟ್ ಕಡತ ಒಂದು ಬಗೆಯದು, ನೆಟ್‌ಸ್ಕೇಪ್ 4 ಒಪ್ಪುತ್ತಿದ್ದುದು ಇನ್ನೊಂದು ಬಗೆಯದು. ಎರಡನ್ನೂ ತಯಾರಿಸಿಡದವರ ಕನ್ನಡ ಪುಟ ಅರ್ಧ ಜನಕ್ಕೆ ಕಗ್ಗ.

ಯುನಿಕೋಡ್ ಬಂದಾಗಲೂ ನಾವು ಸಾಲಿನಲ್ಲಿ ಹಿಂದೆ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು. ಕನ್ನಡ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ಅದೂ ಸಿ.ಡಿ. ಹಾಕಿ ಒಂದು ಚೌಕದಲ್ಲಿ ಗುರುತು ಹಾಕಿಕೊಂಡರೆ ಮಾತ್ರ. ಅಂದರೆ ಕಲ್ಯಾಣ್ ಸ್ಟೇಷನ್ ಪಕ್ಕದ ಸೈಬರ್ ಕೆಫೆಯ ಒಂದೇ ಯಂತ್ರದಲ್ಲಿ ಮರಾಠಿ ಮೂಡುತ್ತಿದ್ದರೂ ಕನ್ನಡ ಚೌಕಚೌಕವಾಗಿ ಕಾಣುವ ಸಂದರ್ಭ ಇತ್ತು.

ಬರೆಯುವುದರ ಕಥೆ ಇನ್ನೂ ಸ್ವಾರಸ್ಯವಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೈಬರ್ ಕೆಫೆಯಲ್ಲಿ ಕೂತವರು ಅಲ್ಲಿ ಬರಹ, ನುಡಿ ಹಾಕಿಕೊಳ್ಳುವಂತಿರಲಿಲ್ಲ. ಮಾಲೀಕರು ಬಿಡುತ್ತಿರಲಿಲ್ಲ. ಹಾಗಾಗಿ ಪುಟದೊಳಗೇ ಕನ್ನಡ ಟೈಪಾಗುವ ಪೆಟ್ಟಿಗೆಗಳು ಹುಟ್ಟಿಕೊಂಡವು. ನೀವು ಇಂಗ್ಲಿಷ್ 'ಕೆ' ಕೀಲಿ ಒತ್ತಿದರೆ ಪೆಟ್ಟಿಗೆಯಲ್ಲಿ 'ಕ' ಬೀಳಬೇಕು. ಕಂಪ್ಯೂಟರಿಗೆ ಅಕ್ಷರವೆಲ್ಲ ಸಂಖ್ಯೆ. ಚಿಕ್ಕ 'ಕೆ' ಅಂದರೆ 107, ಕನ್ನಡದ 'ಕ' ಅಂದರೆ 3221. ಎಕ್ಸ್‌ಪ್ಲೋರರಿನಲ್ಲಿ ಇದಕ್ಕೊಂದು ಸುಲಭದ ದಾರಿ ಇತ್ತು: ಕೀಲಿ ಒತ್ತಿದ ಕ್ಷಣದಲ್ಲಿ ಅದರ ಸಂಖ್ಯೆಯನ್ನೇ ತಿದ್ದಬಹುದಿತ್ತು. 107 ಅಳಿಸಿ 3221 ಬರೆದರೆ ಆಯಿತು, ಬ್ರೌಸರ್ ತಾನೇ 'ಕ' ಮೂಡಿಸುತ್ತಿತ್ತು. ಒಂದೇ ಸಾಲಿನ ಕೆಲಸ. ಭಾರತೀಯ ಭಾಷೆಗಳ ಪೆಟ್ಟಿಗೆಗಳನ್ನು ಬರೆದ ಬಹಳ ಮಂದಿಗೆ ಈ ಉಪಾಯ ಸಿಕ್ಕಿ ಸಂತೋಷವೋ ಸಂತೋಷ.

2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಂತು. ಅದರಲ್ಲಿ ಆ ಸಂಖ್ಯೆಯನ್ನು ಓದಲು ಹೋದರೆ ಸೊನ್ನೆ. ನಿಜವಾದ ಸಂಖ್ಯೆ ಬೇರೆ ಹೆಸರಿನ ಡಬ್ಬಿಯಲ್ಲಿ ಇರುತ್ತಿತ್ತು, ಓದಬಹುದೇ ಹೊರತು ತಿದ್ದುವಂತಿರಲಿಲ್ಲ. ಹಾಗಾದರೆ ಏನು ಮಾಡಬೇಕು? ಒತ್ತಿದ ಕೀಲಿಯನ್ನು ತಡೆಯಬೇಕು. ಕರ್ಸರ್ ಎಲ್ಲಿದೆ ಎಂದು ಕೇಳಬೇಕು. ಅದರ ಹಿಂದಿನ ಬರಹ, ಮುಂದಿನ ಬರಹ ಕತ್ತರಿಸಿ, ನಡುವೆ 'ಕ' ಇಟ್ಟು, ಮತ್ತೆ ಹೊಲಿದು, ಕರ್ಸರನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಬೇಕು. ಕರ್ಸರ್ ಜಾಗ ಕೇಳುವ ಮಾತೂ ಎರಡರಲ್ಲಿ ಬೇರೆ. ಸಾಲದ್ದಕ್ಕೆ, ಎಕ್ಸ್‌ಪ್ಲೋರರ್ ಹೊಸ ಸಾಲನ್ನು ಎರಡು ಅಕ್ಷರವೆಂದು ಎಣಿಸುತ್ತಿತ್ತು, ಫೈರ್‌ಫಾಕ್ಸ್ ಒಂದೇ ಎನ್ನುತ್ತಿತ್ತು. ಹೀಗಾಗಿ ಮೂರು ಪ್ಯಾರಾ ಬರೆದ ಮೇಲೆ ಅಕ್ಷರ ಎಲ್ಲೋ ಎರಡು ಹೆಜ್ಜೆ ಆಚೆ ಹೋಗಿ ಬೀಳುವುದು. ಹೊಲಿಗೆ ಹಾಕಿದಾಗಲೆಲ್ಲ ಫೈರ್‌ಫಾಕ್ಸಿನ ಪೆಟ್ಟಿಗೆ ಜಿಗಿದು ಮೊದಲ ಸಾಲಿಗೆ ಹೋಗುವುದು ಬೇರೆ. ಊರಿಗೆ ಉದ್ದದ ಪತ್ರ ಬರೆಯುವವರ ಗತಿ ಯೋಚಿಸಿ.

ಆದ್ದರಿಂದ ಎಷ್ಟೋ ಪೆಟ್ಟಿಗೆಗಳು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕನ್ನಡ, ಬೇರೆಡೆ ಮೂಕ. ಜನ ಬೇಸತ್ತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನು ರೂಢಿಸಿಕೊಂಡರು. ಈಗಲೂ ನಮ್ಮ ಕಾರ್ಯಕ್ರಮಕ್ಕೆ ಬರುವ ಸಂದೇಶಗಳಲ್ಲಿ ಎಷ್ಟೊಂದು ಹಾಗೆಯೇ ಇರುತ್ತವೆ. ಕನ್ನಡಾಭಿಮಾನ ಕಡಿಮೆ ಎಂದು ಅವರನ್ನು ಬಯ್ಯುವವರಿಗೆ ನಾನು ಈ 107–3221ರ ಕಥೆ ಹೇಳುತ್ತೇನೆ.

ಇಂಥವು ಇನ್ನೂ ಇವೆ. ಕನ್ನಡ ಓದಿದವನಿಗೆ ಬಲು ಹಿಡಿಸಿದ್ದು ಅಲ್ಪವಿರಾಮದ ಪ್ರಸಂಗ. ಪಟ್ಟಿಯ ಕೊನೆಯ ಪದದ ನಂತರ ಒಂದು ಅಲ್ಪವಿರಾಮ ಹೆಚ್ಚಾಗಿ ಉಳಿದುಬಿಟ್ಟರೆ ಫೈರ್‌ಫಾಕ್ಸ್ ನೋಡಿಯೂ ನೋಡದಂತೆ ಮುಂದೆ ಹೋಗುತ್ತಿತ್ತು. ಎಕ್ಸ್‌ಪ್ಲೋರರ್ 6, 7 ಮಾತ್ರ ಅಲ್ಲೇ ಹಟ ಹಿಡಿದು ಇಡೀ ಚೀಟಿಯನ್ನೇ ಓದದೆ ಬಿಡುತ್ತಿದ್ದವು. ಇಸವಿ ಹೇಳುವ ಒಂದು ಹಳೆಯ ಸೂಚನೆ ಇತ್ತು, 'ಗೆಟ್‌ಇಯರ್'. 2008ರಲ್ಲಿ ಅದನ್ನು ಕೇಳಿದರೆ ಎಕ್ಸ್‌ಪ್ಲೋರರ್ 2008 ಎನ್ನುತ್ತಿತ್ತು, ಫೈರ್‌ಫಾಕ್ಸ್ 1900ನ್ನು ಕಳೆದು 108 ಎನ್ನುತ್ತಿತ್ತು. ಪುಟದ ತಲೆಯ ಮೇಲೆ 'ನವೆಂಬರ್ 1, 108' ಎಂದು ನೋಡಿದವರು ಕದಂಬರಿಗಿಂತ ಹಿಂದಿನ ರಾಜ್ಯೋತ್ಸವ ಎಂದುಕೊಳ್ಳಬೇಕು. ಇನ್ನೊಂದು ವಿಚಿತ್ರ: ಪ್ರೋಗ್ರಾಂ ಬರೆಯುವವರು ತಮಗಾಗಿ ಟಿಪ್ಪಣಿ ಬರೆದುಕೊಳ್ಳುವ ಒಂದು ಕಿಟಕಿ ಬ್ರೌಸರಿನಲ್ಲಿ ಇರುತ್ತದೆ. ಎಕ್ಸ್‌ಪ್ಲೋರರ್ 8ರಲ್ಲಿ ಆ ಕಿಟಕಿ ತೆರೆದಿದ್ದರೆ ಮಾತ್ರ ಟಿಪ್ಪಣಿಯ ಸೂಚನೆ ಅರ್ಥವಾಗುತ್ತಿತ್ತು, ಮುಚ್ಚಿದ್ದರೆ ಪುಟವೇ ನಿಲ್ಲುತ್ತಿತ್ತು. ಅಂದರೆ ತಪ್ಪು ಹುಡುಕಲು ಕಿಟಕಿ ತೆರೆದರೆ ಎಲ್ಲ ಸರಿ, ಮುಚ್ಚಿ ಎದ್ದರೆ ಮತ್ತೆ ಕೆಡುವುದು. ಡಾಕ್ಟರರ ಮುಂದೆ ಕೂತಾಗ ನಿಲ್ಲುವ ಕೆಮ್ಮು ಇದ್ದ ಹಾಗೆ!

ಇಷ್ಟು ಗೊಂದಲ ಇದ್ದಾಗ ಸುಲಭದ ದಾರಿ ಯಾವುದು? 'ಈ ಪುಟವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ನೋಡಿದರೆ ಉತ್ತಮ' ಎಂದು ಅಡಿಯಲ್ಲಿ ಬರೆದು ಕೈತೊಳೆದುಕೊಳ್ಳುವುದು. ಆಗ ಜಗತ್ತಿನ ಹತ್ತರಲ್ಲಿ ಒಂಬತ್ತು ಮಂದಿ ಬಳಸುತ್ತಿದ್ದುದು ಅದನ್ನೇ. 2001ರ ಆಗಸ್ಟ್‌ನಲ್ಲಿ ಎಕ್ಸ್‌ಪ್ಲೋರರ್ 6 ಬಂದ ಮೇಲೆ ಗೆದ್ದವರು ಮಲಗಿಬಿಟ್ಟರು. ಮುಂದಿನ ಆವೃತ್ತಿಗೆ 2006ರ ಅಕ್ಟೋಬರ್ ಬರಬೇಕಾಯಿತು. ಆ ಐದು ವರ್ಷಗಳಲ್ಲೇ ನಮ್ಮ ಬದುಕಿನ ಕೆಲಸಗಳು ಒಂದೊಂದಾಗಿ ಬ್ರೌಸರಿನೊಳಗೆ ಹೋದವು ಎನ್ನುವುದನ್ನು ಗಮನಿಸಿ. 2002ರಲ್ಲಿ ಐಆರ್‌ಸಿಟಿಸಿ ರೈಲು ಟಿಕೆಟ್ಟನ್ನು ಅಂತರ್ಜಾಲಕ್ಕೆ ತಂದಿತು. ಊರಿಗೆ ಹೋಗಲು ಪನವೇಲ್‌ನಲ್ಲೋ ಥಾಣೆಯಲ್ಲೋ ಸಾಲು ನಿಲ್ಲುತ್ತಿದ್ದವರಿಗೆ ಅದು ದೊಡ್ಡ ಸಂಗತಿ. ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆ ಅದೇ ಸುಮಾರಿಗೆ ನಾಗರಿಕ ಸೇವೆಗಳನ್ನು ಗಣಕಕ್ಕೆ ಏರಿಸಿ ರಾಜ್ಯದ ಇತರ ಪಾಲಿಕೆಗಳಿಗೆ ಮೇಲ್ಪಂಕ್ತಿಯಾಯಿತು. ಒಂದೇ ಬ್ರೌಸರಿಗೆ ಇಡೀ ದೇಶ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಉದಾಹರಣೆ. ಅಲ್ಲಿನ ಬ್ಯಾಂಕುಗಳು, ಸರಕಾರಿ ಪುಟಗಳು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವ ಆಕ್ಟಿವ್‌ಎಕ್ಸ್ ಎಂಬ ತಂತ್ರವನ್ನು ನೆಚ್ಚಿದವು. ಅದರಿಂದ ಬಿಡಿಸಿಕೊಳ್ಳಲು ಅವರಿಗೆ ಹತ್ತಿರಹತ್ತಿರ ಎರಡು ದಶಕ ಬೇಕಾಯಿತು.

ಇನ್ನು ಕೆಲವರು ಕೊಂಚ ಜಾಣತನ ತೋರಿಸಿದರು. ಬಂದ ಬ್ರೌಸರಿನ ಹೆಸರು ಕೇಳಿ, ಹೆಸರಿಗೆ ತಕ್ಕ ಚೀಟಿ ಕೊಡುವುದು. ಇದು ಅಡ್ಡಹೆಸರು ನೋಡಿ ಊಟ ಬಡಿಸಿದ ಹಾಗೆ. ಶೆಟ್ಟರು ಅಂದಕೂಡಲೇ ಮೀನುಸಾರು ಎಂದುಕೊಂಡರೆ ಮೂರು ತಲೆಮಾರಿನಿಂದ ಥಾಣೆಯಲ್ಲೇ ಇದ್ದು ಮಿಸಳ್ ಪಾವ್ ತಿಂದು ಬೆಳೆದ ಹುಡುಗನ ಮುಂದೆ ಏನಿಡುತ್ತೀರಿ? ಬ್ರೌಸರುಗಳಂತೂ ಹೆಸರಿನ ವಿಷಯದಲ್ಲಿ ಇನ್ನೂ ಕಿಲಾಡಿ. ಹಳೆಯ ಪುಟಗಳು ಹೊರಗೆ ನಿಲ್ಲಿಸಬಾರದೆಂದು ಒಬ್ಬರ ಹೆಸರನ್ನು ಇನ್ನೊಬ್ಬರು ಇಟ್ಟುಕೊಂಡಿವೆ. ಇವತ್ತಿಗೂ ಕ್ರೋಮ್ ತನ್ನ ಪರಿಚಯ ಹೇಳುವಾಗ ಮೊಜಿಲ್ಲಾ ಎಂದು ಶುರುಮಾಡಿ, ಕೊನೆಗೆ ಸಫಾರಿಯನ್ನೂ ಸೇರಿಸಿಕೊಳ್ಳುತ್ತದೆ. ಒಪೆರಾ ತನ್ನ ಹತ್ತನೇ ಆವೃತ್ತಿ ತಂದಾಗ ಪುಟಗಳು 10ರಲ್ಲಿ ಮೊದಲ ಅಂಕಿಯನ್ನಷ್ಟೇ ಓದಿ 'ಓಹೋ, ಒಂದನೇ ಆವೃತ್ತಿ, ಬಹಳ ಹಳೆಯದು' ಎಂದು ತಳ್ಳಿಬಿಡುತ್ತಿದ್ದವು. ಪಾಪ, ಅದು ಕೊನೆಗೆ ತಾನು 9.80 ಎಂದು ಸುಳ್ಳು ಹೇಳಿ ಒಳಗೆ ಬರಬೇಕಾಯಿತು.

ಸರಿಯಾದ ಕ್ರಮ ಏನೆಂದರೆ, ಹೆಸರು ಬಿಟ್ಟು ಕಸುಬು ಕೇಳುವುದು. 'ನೀನು ಯಾರು' ಎನ್ನುವ ಬದಲು 'ನಿನಗೆ ಈ ಸೂಚನೆ ಬರುತ್ತದೆಯೇ' ಎಂದು ಅದರ ಹತ್ತಿರವೇ ವಿಚಾರಿಸುವುದು. ಬರುತ್ತದೆ ಎಂದರೆ ಆ ದಾರಿ, ಬಾರದಿದ್ದರೆ ಇನ್ನೊಂದು ದಾರಿ, ಎರಡೂ ಇಲ್ಲದಿದ್ದರೆ ಸಾದಾ ಪೆಟ್ಟಿಗೆ. ನಮ್ಮ ಕೀಲಿಯ ಕಥೆಗೆ ಇದನ್ನು ಹೊಂದಿಸಿ ನೋಡಿ: ಕರ್ಸರ್ ಜಾಗ ಹೇಳುವ ಹೊಸ ಸೂಚನೆ ನಿನ್ನಲ್ಲಿದೆಯೇ? ಇಲ್ಲವೇ? ಹಾಗಾದರೆ ಹಳೆಯದು? ಈ ವಿಚಾರಣೆಯನ್ನು ಪ್ರತಿಯೊಬ್ಬರೂ ಪ್ರತಿ ಪುಟದಲ್ಲೂ ಬರೆಯುವುದು ತ್ರಾಸ ಎಂದು, ಅದನ್ನೆಲ್ಲ ಒಂದೇ ಕಡೆ ಕಟ್ಟಿಕೊಟ್ಟ ಗಂಟುಗಳು ಬಂದವು. 2005ರಲ್ಲಿ ಪ್ರೋಟೋಟೈಪ್, 2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ. ಜೆಕ್ವೆರಿ ಒಳ್ಳೆಯ ದುಭಾಷಿಯಂತೆ ನಡುವೆ ನಿಂತಿತು. ಪುಟ ಬರೆಯುವವರು ಅದಕ್ಕೆ ಒಂದು ಮಾತು ಹೇಳಿದರೆ ಸಾಕು, ಎಕ್ಸ್‌ಪ್ಲೋರರಿಗೆ ಅದರ ಭಾಷೆಯಲ್ಲಿ, ಫೈರ್‌ಫಾಕ್ಸಿಗೆ ಅದರ ಭಾಷೆಯಲ್ಲಿ ತಲುಪಿಸುತ್ತಿತ್ತು.

ಕನ್ನಡದ ಪೆಟ್ಟಿಗೆಗೂ ಈ ದುಭಾಷಿಯಿಂದಲೇ ಮುಕ್ತಿ ಸಿಕ್ಕಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ತೆರೆದು, ಬರೆಯುವ ಜಾಗದಲ್ಲಿ ಕರ್ಸರ್ ಇಟ್ಟರೆ ಕೀಲಿಮಣೆಯ ಚಿಕ್ಕ ಗುರುತು ಕಾಣುತ್ತದೆ. ಅದರ ಹಿಂದೆ ಇರುವುದು ವಿಕಿಮೀಡಿಯಾದ ಭಾಷಾ ತಂಡ ಜೆಕ್ವೆರಿಯ ಮೇಲೆ ಕಟ್ಟಿದ ಮುಕ್ತ ತಂತ್ರಾಂಶ. ಅದರಲ್ಲಿ ಕನ್ನಡಕ್ಕೆ ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಜೊತೆಗೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಹೀಗೆ ಹಲವು ಆಯ್ಕೆ. ಆ ಕೊನೆಯದರ ಮೂಲ ಕೆ.ಪಿ. ರಾಯರ ಕೀಲಿಮಣೆ. ಕೆ.ಪಿ. ರಾವ್ ಅವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. 'ನುಡಿ'ಯಲ್ಲಿ 'ಎಫ್' ಒತ್ತಿ ಒತ್ತಕ್ಷರ ಮಾಡಿ ರೂಢಿಯಾದ ಬೆರಳುಗಳಿಗೆ ಅಲ್ಲಿ ಹೊಸದಾಗಿ ಕಲಿಯುವುದು ಏನೂ ಇಲ್ಲ, ಕಂಪ್ಯೂಟರಿನಲ್ಲಿ ಯಾವ ಬ್ರೌಸರ್ ಇದ್ದರೂ ಸರಿ.

ಇತ್ತ ಬ್ರೌಸರ್ ಮಾಡುವವರೂ ದಾರಿಗೆ ಬಂದರು. ಕೀಲಿ, ಕ್ಲಿಕ್ಕುಗಳನ್ನು ಆಲಿಸಬೇಕಾದ ಏಕರೂಪ ಸೂಚನೆಯನ್ನು ಮಾನಕ ಎಂದು 2000ದಲ್ಲೇ ಬರೆದಿಟ್ಟಿದ್ದರು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡದ್ದು 2011ರ ಎಕ್ಸ್‌ಪ್ಲೋರರ್ 9ರಲ್ಲಿ, ಹನ್ನೊಂದು ವರ್ಷ ತಡವಾಗಿ. 2015ರಲ್ಲಿ ಭಾಷೆಯ ದೊಡ್ಡ ಪರಿಷ್ಕರಣೆ ಬಂತು, ಆಮೇಲೆ ವರ್ಷಕ್ಕೊಮ್ಮೆ ಸಣ್ಣದು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್ ನಿವೃತ್ತಿಯಾಯಿತು. ಅದೇ ವರ್ಷದಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಒಟ್ಟಿಗೆ ಕೂತು 'ಈ ವರ್ಷ ಈ ವ್ಯತ್ಯಾಸಗಳನ್ನು ಸರಿಮಾಡೋಣ' ಎಂದು ಪಟ್ಟಿ ಹಾಕಿಕೊಳ್ಳುತ್ತಿದ್ದಾರೆ. ಪಲ್ಯಕ್ಕೆ ಒಂದೇ ಅರ್ಥ ಎಂದು ಒಪ್ಪಂದವಾದ ಹಾಗೆ.

ಹಾಗಾದರೆ ನಮ್ಮ ಡೊಂಬಿವಲಿಯ ಹಿರಿಯರಿಗೆ ಈಗಲೂ ಯಾಕೆ ಕಷ್ಟ? ಎರಡು ಯಂತ್ರಕ್ಕೆ ಎರಡು ಕಾರಣ.

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆಯಂತೆ. ಕ್ರೋಮ್ ಅದಕ್ಕೆ 109ನೇ ಆವೃತ್ತಿಯ ನಂತರ, ಅಂದರೆ 2023ರ ಆರಂಭದ ನಂತರ, ಹೊಸದನ್ನು ಕೊಡುವುದನ್ನು ನಿಲ್ಲಿಸಿದೆ. ಭಾಷೆ ಮುಂದೆ ಹೋಯಿತು, ಬ್ರೌಸರ್ ಅಲ್ಲೇ ಉಳಿಯಿತು. ಪುಟದ ಚೀಟಿಯಲ್ಲಿ ಆಮೇಲೆ ಬಂದ ಒಂದೇ ಒಂದು ಹೊಸ ವ್ಯಾಕರಣ ರೂಪ ಇದ್ದರೂ ಹಳೆಯ ಬ್ರೌಸರ್ ಆ ಕಡತವನ್ನು ಪೂರ್ತಿ ಬದಿಗಿಡುತ್ತದೆ, ಆ ಅಲ್ಪವಿರಾಮದ ಹಾಗೆಯೇ. ಗುಂಡಿಯ ಚಿತ್ರ ಕಾಣುತ್ತದೆ, ಅದರ ಹಿಂದಿನ ಸೂಚನೆ ಸತ್ತಿರುತ್ತದೆ. ಇದಕ್ಕೆ ಮದ್ದು ಇದೆ, ಅದು ಪುಟ ಮಾಡುವವರ ಕೈಯಲ್ಲಿದೆ. ಹೊಸ ಭಾಷೆಯಲ್ಲಿ ಬರೆದದ್ದನ್ನು ಹಳೆಯ ಭಾಷೆಗೆ ತಾನಾಗಿ ತರ್ಜುಮೆ ಮಾಡುವ ಬೇಬಲ್ ಎಂಬ ಸಾಧನವಿದೆ. ಇಲ್ಲದ ಸೂಚನೆಯನ್ನು ತುಂಬಿಕೊಡುವ 'ಪಾಲಿಫಿಲ್' ಎಂಬ ತೇಪೆಗಳಿವೆ. ಬಳಸುವ ಮನಸ್ಸು ಬೇಕು.

ಫೋನಿನ ಕಾರಣ ಬೇರೆ. ಆಂಡ್ರಾಯ್ಡ್ ಫೋನಿನ ಕೀಲಿಮಣೆ ತಾನೇ ಒಂದು ಪುಟ್ಟ ಬುದ್ಧಿವಂತ ಯಂತ್ರ. ಪದ ಊಹಿಸುತ್ತದೆ, ತಿದ್ದುತ್ತದೆ, ಬೆರಳು ಜಾರಿಸಿದರೂ ಬರೆಯುತ್ತದೆ. ಅದು ಯಾವ ಕೀಲಿ ಒತ್ತಿದರು ಎಂದು ಪುಟಕ್ಕೆ ಹೇಳುವ ಗೋಜಿಗೆ ಹೋಗುವುದಿಲ್ಲ. ಪುಟ ಕೇಳಿದರೆ ಕ್ರೋಮಿನಲ್ಲಿ ಬರುವ ಉತ್ತರ ಹೆಚ್ಚಾಗಿ ಒಂದೇ, 229. ಅಂದರೆ 'ಕೀಲಿಮಣೆ ಏನೋ ಮಾಡುತ್ತಿದೆ, ಮುಗಿಯುವವರೆಗೆ ಕಾಯಿ' ಎಂದು. 107ಕ್ಕಾಗಿ ಕಾಯುತ್ತ ಕೂತ ಹಳೆಯ ಕನ್ನಡ ಪೆಟ್ಟಿಗೆಗೆ 229 ಬಂದರೆ ಅದೇನು ಮಾಡೀತು? ಇಲ್ಲಿ ಪುಟ ತಾನು ದೂರ ಸರಿದು, ಫೋನಿನ ಕನ್ನಡ ಕೀಲಿಮಣೆಗೆ ಕೆಲಸ ಬಿಟ್ಟುಕೊಡುವುದೇ ವಿವೇಕ.

ಹಾಗೆ ಬಿಟ್ಟುಕೊಟ್ಟ ಮೇಲೂ ಒಂದು ಹೊಸ್ತಿಲು ಎಡವಬಹುದು. ಹೆಸರಿನ ಜಾಗದಲ್ಲಿ 'ಅಕ್ಷರಗಳು ಮಾತ್ರ' ಎಂಬ ಕಾವಲು ಇರುತ್ತದಲ್ಲ, ಅದು. ಜಾವಾಸ್ಕ್ರಿಪ್ಟಿಗೆ ಬಹುಕಾಲ ಅಕ್ಷರ ಅಂದರೆ ಇಂಗ್ಲಿಷಿನ ಇಪ್ಪತ್ತಾರು. ಎಲ್ಲ ಲಿಪಿಗಳ ಅಕ್ಷರವನ್ನೂ ಗುರುತಿಸುವ ಸೂಚನೆ ಭಾಷೆಗೆ ಬಂದದ್ದು 2018ರಲ್ಲಿ. ಕ್ರೋಮ್, ಸಫಾರಿ ಅದೇ ವರ್ಷ ಒಪ್ಪಿಕೊಂಡವು, ಫೈರ್‌ಫಾಕ್ಸ್ 2020ರ ಜೂನ್‌ನಲ್ಲಿ. ನಡುವಿನ ಎರಡು ವರ್ಷ ಆ ಸೂಚನೆ ಬಳಸಿದ ಪುಟ ಫೈರ್‌ಫಾಕ್ಸಿನಲ್ಲಿ ಪೂರ್ತಿ ನಿಲ್ಲುತ್ತಿತ್ತು. ಅದರಲ್ಲೂ ಒಂದು ಸೂಕ್ಷ್ಮವಿದೆ: ಯುನಿಕೋಡಿನ ಲೆಕ್ಕದಲ್ಲಿ 'ಕ' ಅಕ್ಷರ, ಆದರೆ ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಅಕ್ಷರಗಳಲ್ಲ, ಬರೀ ಗುರುತುಗಳು. ಗುರುತನ್ನೂ ಸೇರಿಸಿಕೊಳ್ಳಲು ಮರೆತವರ ಪುಟದಲ್ಲಿ 'ಕಮಲ' ಒಳಗೆ ಹೋಗುತ್ತಾಳೆ, 'ಕೃಷ್ಣ' ಬಾಗಿಲಲ್ಲಿ ನಿಲ್ಲುತ್ತಾನೆ.

ನಮ್ಮ ರೇಡಿಯೋ ಲೋಕದಲ್ಲಿ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಚೆಂದವಾಗಿ ಬಗೆಹರಿಸಿದ್ದರು. 1961ರಲ್ಲಿ ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೋ ಬಂದಾಗ ಮನೆಮನೆಯಲ್ಲಿದ್ದುದು ಒಂದೇ ಸ್ಪೀಕರಿನ ಸಾದಾ ಸೆಟ್ಟು. ಅವನ್ನು ಎಸೆಯಿರಿ ಎನ್ನಲಿಲ್ಲ. ಎಡ, ಬಲ ಎರಡೂ ಧ್ವನಿಯನ್ನು ಕೂಡಿಸಿದ ಮೊತ್ತವನ್ನು ಮೊದಲ ಜಾಗದಲ್ಲೇ ಕಳಿಸಿದರು, ಸಾದಾ ಸೆಟ್ಟು ಅದನ್ನು ಹಿಡಿದು ಎಂದಿನಂತೆ ಹಾಡಿತು. ಎರಡರ ವ್ಯತ್ಯಾಸವನ್ನು ಕಿವಿಗೆ ಕೇಳದ ಮೇಲಿನ ಜಾಗದಲ್ಲಿ ಕಳಿಸಿದರು, ಹೊಸ ಸೆಟ್ಟು ಅದನ್ನೂ ಹಿಡಿದು ಎಡಬಲ ಬಿಡಿಸಿಕೊಂಡಿತು. ಒಳ್ಳೆಯ ಪುಟವನ್ನೂ ಹೀಗೆಯೇ ಕಟ್ಟುತ್ತಾರೆ. ಜಾವಾಸ್ಕ್ರಿಪ್ಟ್ ನಡೆಯದೇ ಹೋದರೂ ಅರ್ಜಿ ತುಂಬಿ ಕಳಿಸುವ ಸಾದಾ ದಾರಿ ತೆರೆದಿರಬೇಕು. ಕನ್ನಡ ಪೆಟ್ಟಿಗೆ, ತಾರೀಖಿನ ಕ್ಯಾಲೆಂಡರು, ಬಣ್ಣದ ಎಚ್ಚರಿಕೆ ಇವೆಲ್ಲ ಮೇಲಿನ ಜಾಗದ ಅಲಂಕಾರ. ನಮ್ಮ ಹಿರಿಯರು ತುಂಬಲು ಹೋದ ಪುಟದಲ್ಲಿ ಆ ಸಾದಾ ದಾರಿಯೇ ಇರಲಿಲ್ಲ.

ಇನ್ನು ನಿಮಗೆ ಸಾಧ್ಯವಾದದ್ದು. ಪುಟ ಮುನಿಸಿಕೊಂಡರೆ ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿ, ಇನ್ನೊಂದು ಬ್ರೌಸರಿನಲ್ಲಿ ಒಮ್ಮೆ ನೋಡಿ. ಐಫೋನ್ ಇದ್ದವರು ಒಂದು ಮಾತು ನೆನಪಿಡಿ: ನಮ್ಮ ದೇಶದಲ್ಲಿ ಅದರೊಳಗೆ ಕ್ರೋಮ್ ಹಾಕಿಕೊಂಡರೂ ಒಳಗಿನ ಎಂಜಿನ್ ಸಫಾರಿಯದೇ, ಆದ್ದರಿಂದ ಬೇರೆ ಯಂತ್ರದಲ್ಲಿ ನೋಡುವುದು ಮೇಲು. ಫೋನಿನಲ್ಲಿ ಕನ್ನಡಕ್ಕೆ ಪುಟದ ಪೆಟ್ಟಿಗೆಯನ್ನು ನಂಬದೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆಯನ್ನೇ ಹಾಕಿಕೊಳ್ಳಿ. ದೂರು ಬರೆಯುವಾಗ 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಆಚೆಯವರು ತಮ್ಮ ಮೇಜಿನ ಮೇಲೆ ನೋಡಿ 'ನಮ್ಮಲ್ಲಿ ಸರಿಯಾಗಿದೆ' ಎನ್ನುತ್ತಾರೆ. ಬ್ರೌಸರಿನ ಹೆಸರು, ಆವೃತ್ತಿಯ ಸಂಖ್ಯೆ, ಯಂತ್ರ ಯಾವುದು, ಎಷ್ಟು ಹೊತ್ತಿಗೆ, ಒಂದು ಪರದೆಯ ಚಿತ್ರ, ಇಷ್ಟು ಕಳಿಸಿ. ಕೊನೆಯ ದಿನ ಹತ್ತಿರವಿದ್ದರೆ ಈ ದೂರೇ ನೀವು ಸಮಯಕ್ಕೆ ಯತ್ನಿಸಿದ್ದಕ್ಕೆ ಸಾಕ್ಷಿಯೂ ಆಗುತ್ತದೆ. ನಮ್ಮ ಶ್ರೋತೃವಿಗೂ ಇದನ್ನೇ ಹೇಳಿದ್ದೇನೆ, ಅವರು ಅವಧಿ ವಿಸ್ತರಣೆ ಕೇಳಿ ಪತ್ರ ಬರೆಯುತ್ತಿದ್ದಾರೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿಯ ಸಂಘಗಳಲ್ಲಿ ಜಾಲತಾಣದ ಉಸ್ತುವಾರಿ ಹೊತ್ತ ತರುಣರಲ್ಲಿ ಒಂದು ಕೋರಿಕೆ. ಹೊಸ ಅರ್ಜಿಯ ಪುಟ ಬಿಡುವ ಮುನ್ನ ಸಂಘದ ಅತಿ ಹಿರಿಯ ಸದಸ್ಯರ ಮನೆಗೆ ಹೋಗಿ, ಅವರ ಯಂತ್ರದಲ್ಲಿ, ಅವರ ಕೈಯಲ್ಲೇ 'ಕೃಷ್ಣ' ಎಂದು ಟೈಪು ಮಾಡಿಸಿ, 'ಸಲ್ಲಿಸಿ' ಒತ್ತಿಸಿ ನೋಡಿ. ಹೋಗುವ ಮುಂಚೆ ಫೋನು ಮಾಡಿ ಹೋಗಿ, ಚಹಾ ಅಂತೂ ಖಂಡಿತ ಸಿಗುತ್ತದೆ.